ಉರಕಾಮಿಯ ತಾಳ್ಮೆ: ಜಪಾನಿನ ಗುಪ್ತಕ್ರೈಸ್ತರ ಚರಿತ್ರೆಯ ಒಂದು ಸಮೀಕ್ಷೆ

೧

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಕಷ್ಟಸಹಿಷ್ಣುತೆಯನ್ನು ಸೂಚಿಸಲು ಬಳಕೆಯಾಗಿರುವ ಗ್ರೀಕ್ ಶಬ್ದ 'ಹುಪೊಮೊನೆ'. 'ಅಡಿಯಲ್ಲಿ' ಎಂಬ ಅರ್ಥದ ಉಪಸರ್ಗವೂ 'ನಿಲ್ಲು' ಎಂಬ ಅರ್ಥದ ಧಾತುವೂ ಸೇರಿ ಈ ಶಬ್ದವಾಗಿದೆ. ಹೊತ್ತ ಭಾರವನ್ನು ಒಗೆದು ಓಡದೆ, ಅದರ ಅಡಿಯಲ್ಲಿಯೇ ನಿಂತಿರುವುದು ಎಂಬುದು ಅದರ ಭಾವ. ನಮ್ಮ 'ತಾಳ್ಮೆ' ಎಂಬ ಪದವೂ 'ತಾಳು' ಎಂಬ ಧಾತುವಿನಿಂದ ಬಂದು ಇದೇ ಅರ್ಥದ ಸಮೀಪದಲ್ಲಿ ನಿಲ್ಲುತ್ತದೆ. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷಿತವಾದ ಶೀಲ, ಅದರಿಂದ ನಿರೀಕ್ಷೆ ಹುಟ್ಟುವುದೆಂದು ಸಂತ ಪೌಲನು ರೋಮಿನವರಿಗೆ ಬರೆದ ಪತ್ರಿಕೆಯಲ್ಲಿ ಒಂದು ಕ್ರಮವನ್ನು ತೋರಿಸಿದ್ದಾನೆ. ಯಾಕೋಬನ ಪತ್ರಿಕೆಯ ಆರಂಭದಲ್ಲಿಯೂ ಇದೇ ವಿಚಾರವುಂಟು.

ಉಪದೇಶವೇನೋ ಸ್ಪಷ್ಟವಾಗಿದೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಈ ತಾಳ್ಮೆ ಬೆಳೆಯುವುದು ಹೇಗೆ? ಅದು ಕೆಲವೇ ವೀರರಿಗೆ ಹುಟ್ಟಿನಿಂದ ಬಂದ ಗುಣವೆ, ಅಥವಾ ಸಾಮಾನ್ಯ ಜನರು ಕೂಡಿ ಸಾಧಿಸಿ ಮಕ್ಕಳಿಗೆ ಒಪ್ಪಿಸಬಲ್ಲ ಸೊತ್ತೆ? ಗುರುಗಳಿಲ್ಲದೆ, ದೇವಾಲಯವಿಲ್ಲದೆ, ಗ್ರಂಥವಿಲ್ಲದೆ, ರಾಜ್ಯಶಕ್ತಿಯ ಕಣ್ಣು ಸದಾ ತಮ್ಮ ಮೇಲಿರುವಾಗ ಒಂದು ಜನಸಮುದಾಯ ತನ್ನ ಶ್ರದ್ಧೆಯನ್ನು ಎಷ್ಟು ಕಾಲ ಉಳಿಸಿಕೊಳ್ಳಬಲ್ಲದು? ಇದಕ್ಕೆ ಜಪಾನಿನ ಕ್ಯೂಷೂ ದ್ವೀಪದ ರೈತರೂ ಬೆಸ್ತರೂ ಕೊಟ್ಟ ಉತ್ತರ ಜಗತ್ತಿನ ಧರ್ಮಚರಿತ್ರೆಯಲ್ಲಿ ಅಪೂರ್ವವಾದುದು. ಕ್ರಿ. ಶ. ೧೬೪೪ರಿಂದ ೧೮೬೫ರವರೆಗೆ, ಎರಡು ಶತಮಾನಗಳಿಗೂ ಮೀರಿ, ಅವರು ಒಬ್ಬ ಪಾದ್ರಿಯೂ ಇಲ್ಲದೆ ಕ್ರೈಸ್ತರಾಗಿ ಉಳಿದರು.

೨

ಜಪಾನಿಗೆ ಕ್ರೈಸ್ತಮತ ಹೋದುದು ಭಾರತದ ಪಶ್ಚಿಮ ಕರಾವಳಿಯಿಂದ. ೧೫೪೨ರಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಜೇವಿಯರ್ ಐದು ವರ್ಷಗಳ ತರುವಾಯ ಮಲಾಕ್ಕಾದಲ್ಲಿ ಅಂಜಿರೊ ಎಂಬ ಜಪಾನೀಯನನ್ನು ಕಂಡನು. ಅಂಜಿರೊ ಗೋವೆಗೆ ಬಂದು, ೧೫೪೮ರಲ್ಲಿ ಅಲ್ಲಿಯೇ ಜ್ಞಾನಸ್ನಾನ ಪಡೆದನು. ೧೫೪೯ರ ಆಗಸ್ಟ್ ೧೫ರಂದು ಇಬ್ಬರೂ ಸಂಗಡಿಗರೊಡನೆ ಕಾಗೊಶಿಮಾ ಬಂದರಿನಲ್ಲಿ ಇಳಿದರು. ಮುಂದಿನ ಅರವತ್ತು ವರ್ಷಗಳಲ್ಲಿ ಹೊಸ ಮತ ಆಶ್ಚರ್ಯಕರ ವೇಗದಿಂದ ಹಬ್ಬಿತು. ೧೬೧೪ರ ಸುಮಾರಿಗೆ ಜಪಾನಿನ ಕ್ರೈಸ್ತರ ಸಂಖ್ಯೆ ೩ ಲಕ್ಷದಷ್ಟಿತ್ತೆಂದು ವಿದ್ವಾಂಸರ ಅಂದಾಜು. ಪೋರ್ಚುಗೀಸ್ ವ್ಯಾಪಾರದ ಆಸೆಯಿಂದ ಕೆಲವು ಸಾಮಂತರು ಮತಾಂತರ ಹೊಂದಿದುದೂ, ತಮ್ಮ ಪ್ರಜೆಗಳನ್ನು ಒತ್ತಾಯದಿಂದ ಸೇರಿಸಿದುದೂ, ದೇವಾಲಯಗಳನ್ನು ಕೆಡಹಿಸಿದುದೂ ಉಂಟು. ಮುಂದೆ ಬಂದ ಹಿಂಸೆಯನ್ನು ವಿವರಿಸುವ ಚರಿತ್ರೆಕಾರನು ಈ ಭಾಗವನ್ನು ಮುಚ್ಚಿಡಬಾರದು.

ಹರಿದು ಹಂಚಿಹೋಗಿದ್ದ ದೇಶವನ್ನು ಒಂದುಗೂಡಿಸುತ್ತಿದ್ದ ಟೊಯೊಟೊಮಿ ಹಿದೆಯೋಶಿ ೧೫೮೭ರಲ್ಲಿ ಪಾದ್ರಿಗಳು ಹೊರಟುಹೋಗಬೇಕೆಂದು ಆಜ್ಞಾಪಿಸಿದನು. ಕೆಲಕಾಲ ಆ ಆಜ್ಞೆ ಕಾಗದದ ಮೇಲೆಯೇ ಉಳಿಯಿತು. ೧೫೯೬ರಲ್ಲಿ ಸಾನ್ ಫೆಲಿಪೆ ಎಂಬ ಸ್ಪೇನಿನ ಹಡಗು ತೋಸಾ ಕರಾವಳಿಯಲ್ಲಿ ಒಡೆದು, ಅದರ ಸರಕನ್ನು ಕುರಿತು ವಿವಾದ ಎದ್ದಾಗ ಅವನ ಸಂಶಯ ಬಲವಾಯಿತು. ಪಾದ್ರಿಗಳ ಹಿಂದೆ ಪರರಾಜರ ಸೈನ್ಯ ಬರುವುದೆಂಬ ಭಯ ಅವನದು. ೧೫೯೭ರ ಫೆಬ್ರುವರಿ ೫ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ ೨೬ ಮಂದಿಯನ್ನು ಶಿಲುಬೆಗೇರಿಸಲಾಯಿತು. ಕ್ಯೋಟೋ ನಗರದಲ್ಲಿ ಕಿವಿಯ ಹಾಲೆಯನ್ನು ಕೊಯ್ದು, ನಡುಚಳಿಯಲ್ಲಿ ತಿಂಗಳ ಕಾಲ ನಡೆಸಿಕೊಂಡು ಬಂದು ಅವರನ್ನು ಕೊಂದರು. ಅವರಲ್ಲಿ ೨೦ ಮಂದಿ ಜಪಾನೀಯರು. ಎಲ್ಲರಿಗಿಂತ ಕಿರಿಯನಾದ ಲೂಯಿಸ್ ಇಬರಾಕಿಗೆ ೧೨ ವರ್ಷ.

ಈ ೨೬ ಮಂದಿಯಲ್ಲಿ ಒಬ್ಬನು ನಮ್ಮ ನೆರೆಯವನೆಂಬುದು ಮುಂಬಯಿಯ ವಾಚಕರಿಗೆ ಕುತೂಹಲದ ಸಂಗತಿಯಾದೀತು. ಉಪನಗರ ರೈಲಿನಲ್ಲಿ ಹೋಗಿ ತಲಪಬಹುದಾದ ವಸಯಿಯಲ್ಲಿ, ಪೋರ್ಚುಗೀಸ್ ತಂದೆಗೂ ಸ್ಥಳೀಯಳಾದ ತಾಯಿಗೂ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಅವನು. ಬಾಲ್ಯದಲ್ಲಿಯೇ ಪಾದ್ರಿಗಳೊಡನೆ ಜಪಾನಿಗೆ ಹೋಗಿ ಅಲ್ಲಿನ ಭಾಷೆಯನ್ನು ಕರಗತ ಮಾಡಿಕೊಂಡನು. ನಡುವೆ ಕೆಲಕಾಲ ವ್ಯಾಪಾರ ಮಾಡಿ, ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಂಘದ ಸೋದರನಾಗಿ, ೧೫೯೩ರಲ್ಲಿ ದುಭಾಷಿಯಾಗಿ ಮತ್ತೆ ಜಪಾನಿಗೆ ಬಂದನು. ೧೮೬೨ರಲ್ಲಿ ಈ ೨೬ ಮಂದಿಗೂ ಸಂತಪದವಿ ದೊರೆತಾಗ ಭಾರತದಲ್ಲಿ ಹುಟ್ಟಿದವರಲ್ಲಿ ಆ ಪದವಿಗೇರಿದ ಮೊದಲಿಗನು ಅವನಾದನು.

೩

ತೊಕುಗಾವಾ ವಂಶದ ಆಳಿಕೆಯಲ್ಲಿ ಪರೀಕ್ಷೆ ಪೂರ್ಣರೂಪವನ್ನು ತಾಳಿತು. ೧೬೧೪ರಲ್ಲಿ ದೇಶದಾದ್ಯಂತ ಕ್ರೈಸ್ತಮತ ನಿಷಿದ್ಧವಾಯಿತು. ೧೬೨೨ರ ಸೆಪ್ಟೆಂಬರಿನಲ್ಲಿ ನಾಗಸಾಕಿಯಲ್ಲಿ ಒಂದೇ ದಿನ ೫೫ ಮಂದಿಯನ್ನು ಕೊಂದರು. ಆದರೆ ಕೊಲೆಯಿಂದ ಹುತಾತ್ಮರು ಹೆಚ್ಚುವರೇ ಹೊರತು ಮತ ಅಳಿಯದೆಂಬುದನ್ನು ಅಧಿಕಾರಿಗಳು ಬೇಗನೆ ಕಂಡುಕೊಂಡರು. ಆಮೇಲಿನ ಅವರ ಉದ್ದೇಶ ಪ್ರಾಣಹರಣವಲ್ಲ, ಮತತ್ಯಾಗ. ಉನ್‌ಜೆನ್ ಪರ್ವತದ ಕುದಿಯುವ ಬುಗ್ಗೆಗಳ ನೀರನ್ನು ಮೈಮೇಲೆ ಸುರಿಯುವುದು, ಕೈಕಾಲು ಬಿಗಿದು ಗುಂಡಿಯೊಳಗೆ ತಲೆಕೆಳಗಾಗಿ ತೂಗುಹಾಕುವುದು ಮೊದಲಾದ ಉಪಾಯಗಳು ಈ ಉದ್ದೇಶಕ್ಕಾಗಿ ಹುಟ್ಟಿದವು.

ಈ ಕಾಲದ ಪರೀಕ್ಷೆಯ ಸ್ವರೂಪವನ್ನು ನಾಲ್ವರು ಹುಡುಗರ ಕಥೆಯಿಂದ ಅಳೆಯಬಹುದು. ಇತೊ ಮಾನ್ಸಿಯೊ, ಚಿಜಿವಾ ಮಿಗೆಲ್, ಹಾರಾ ಮಾರ್ತಿನೊ, ನಾಕಾಉರಾ ಜೂಲಿಯನ್ ಎಂಬ ಇವರು ಕ್ಯೂಷೂವಿನ ಕ್ರೈಸ್ತ ಸಾಮಂತರ ನಿಯೋಗವಾಗಿ ೧೫೮೨ರಲ್ಲಿ ಹೊರಟು, ಗೋವೆಯ ಮಾರ್ಗವಾಗಿ ಐರೋಪ್ಯ ದೇಶಗಳಿಗೆ ಹೋಗಿ, ರೋಮಿನಲ್ಲಿ ಪೋಪರನ್ನು ಕಂಡು ೧೫೯೦ರಲ್ಲಿ ಮರಳಿದರು. ಹಿಂದಿರುಗುವಾಗ ಗೋವೆಯಲ್ಲಿ ಹಾರಾ ಮಾರ್ತಿನೊ ಲ್ಯಾಟಿನ್ ಭಾಷೆಯಲ್ಲಿ ಭಾಷಣ ಮಾಡಿದನು. ಒಂದೇ ಹಡಗಿನಲ್ಲಿ ಹೋಗಿ, ಒಂದೇ ವಿದ್ಯೆಯನ್ನು ಕಲಿತು, ಒಂದೇ ವೈಭವವನ್ನು ಕಂಡ ಈ ನಾಲ್ವರ ಅಂತ್ಯ ನಾಲ್ಕು ಬಗೆಯಾಯಿತು. ಮಾನ್ಸಿಯೊ ೧೬೧೨ರಲ್ಲಿ ಕಾಯಿಲೆಯಿಂದ ತೀರಿಕೊಂಡನು. ಮಾರ್ತಿನೊ ೧೬೨೯ರಲ್ಲಿ ಮಕಾವಿನಲ್ಲಿ ದೇಶಭ್ರಷ್ಟನಾಗಿ ಸತ್ತನು. ಮಿಗೆಲ್ ಯೇಸುಸಭೆಯನ್ನು ಬಿಟ್ಟುಹೋದನು. ಜೂಲಿಯನ್ ವೇಷ ಮರೆಸಿಕೊಂಡು ಇಪ್ಪತ್ತು ವರ್ಷಗಳ ಕಾಲ ಹಳ್ಳಿಗಳಲ್ಲಿ ಸೇವೆ ಮಾಡಿ, ೧೬೩೩ರಲ್ಲಿ ಗುಂಡಿಯ ಶಿಕ್ಷೆಯಲ್ಲಿ ಪ್ರಾಣಬಿಟ್ಟನು. ಅವನೊಡನೆ ಅದೇ ಶಿಕ್ಷೆಗೆ ಗುರಿಯಾದ ಕ್ರಿಸ್ಟೊವಾವೊ ಫೆರೇರಾ ಜಪಾನಿನ ಯೇಸುಸಭೆಯ ಮುಖ್ಯಸ್ಥನಾಗಿದ್ದವನು. ಅವನು ಕೆಲವೇ ಗಂಟೆಗಳಲ್ಲಿ ಸೋತು ಮತತ್ಯಾಗ ಮಾಡಿದನು. ಪಾಂಡಿತ್ಯವಾಗಲಿ, ಪದವಿಯಾಗಲಿ, ಲೋಕಸಂಚಾರವಾಗಲಿ ತಾಳ್ಮೆಗೆ ಜಾಮೀನಾಗಲಾರದು.

೧೬೩೭ರಲ್ಲಿ ಶಿಮಾಬಾರಾ ಮತ್ತು ಅಮಾಕುಸಾ ಪ್ರಾಂತಗಳ ರೈತರು ತೆರಿಗೆಯ ಹೊರೆಯಿಂದಲೂ ಮತಹಿಂಸೆಯಿಂದಲೂ ರೋಸಿ ದಂಗೆಯೆದ್ದರು. ೧೬೩೮ರ ವಸಂತದಲ್ಲಿ ಹಾರಾ ಕೋಟೆ ಬಿದ್ದು, ಒಳಗಿದ್ದ ಸಹಸ್ರಾರು ಜನರ ಸಂಹಾರವಾಯಿತು. ಮರುವರ್ಷ ಪೋರ್ಚುಗೀಸರಿಗೆ ಬಾಗಿಲು ಮುಚ್ಚಿತು. ೧೬೪೪ರಲ್ಲಿ ಕೊನೆಯ ಜಪಾನೀ ಗುರು ಮಾನ್ಸಿಯೊ ಕೊನಿಷಿಯ ವಧೆಯಾಯಿತು. ಅಲ್ಲಿಂದ ಮುಂದಿನದು ಗುರುವಿಲ್ಲದವರ ಚರಿತ್ರೆ.

೪

ಪ್ರತಿಯೊಂದು ಮನೆಯವರೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಬೇಕು. ಐದೈದು ಮನೆಗಳನ್ನು ಕೂಡಿಸಿ, ಒಬ್ಬರ ತಪ್ಪಿಗೆ ಐವರೂ ಹೊಣೆಯೆನ್ನಬೇಕು. ಅಡಗಿದ ಕ್ರೈಸ್ತನನ್ನು ತೋರಿಸಿಕೊಟ್ಟವನಿಗೆ ಬೆಳ್ಳಿಯ ಬಹುಮಾನವೆಂದು ಊರೂರಲ್ಲಿ ಹಲಗೆ ನಿಲ್ಲಿಸಬೇಕು. ಇದು ಸರಕಾರದ ಏರ್ಪಾಡು. ಇದರ ಮೇಲೆ 'ಫುಮಿಎ' ಎಂಬ ಪರೀಕ್ಷೆ. ಯೇಸುವಿನ ಅಥವಾ ಮರಿಯಮ್ಮನ ಚಿತ್ರವಿದ್ದ ಫಲಕವನ್ನು ನೆಲದ ಮೇಲಿಟ್ಟು ಅದನ್ನು ತುಳಿಯಿಸುತ್ತಿದ್ದರು. ನಾಗಸಾಕಿಯಲ್ಲಿ ಇದು ಪ್ರತಿವರ್ಷ ಹೊಸವರ್ಷದ ಆರಂಭದಲ್ಲಿ ತಪ್ಪದ ವಿಧಿಯಾಗಿ, ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ನಡೆದುಬಂತು.

ಗುಪ್ತಕ್ರೈಸ್ತರು ಏನು ಮಾಡಿದರು? ಬಹುಮಟ್ಟಿಗೆ ತುಳಿದರು. ಈ ಮಾತನ್ನು ಮರೆಸಬೇಕಾಗಿಲ್ಲ. ತುಳಿಯದವರು ಸತ್ತರು. ತುಳಿದವರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಂಡರು. ಇದಕ್ಕೆ ಆಧಾರವಾಗಿದ್ದುದು ೧೬೦೩ರಲ್ಲಿ ಸಿದ್ಧವಾದ 'ಕೊಂಚಿರಿಸಾನ್ ನೊ ರ್ಯಾಕು' ಎಂಬ ಕಿರುಹೊತ್ತಗೆ. ಪಾಪನಿವೇದನೆಗೆ ಗುರು ದೊರೆಯದ ಸ್ಥಿತಿಯಲ್ಲಿ, ದೇವರ ಮೇಲಣ ಪ್ರೀತಿಯಿಂದ ಹುಟ್ಟಿದ ಪೂರ್ಣ ಪಶ್ಚಾತ್ತಾಪವಿದ್ದರೆ ಕ್ಷಮೆ ದೊರೆಯುತ್ತದೆಂಬ ಕ್ಯಾಥೊಲಿಕ್ ಸಿದ್ಧಾಂತವನ್ನು ಅದು ಜನರ ಭಾಷೆಯಲ್ಲಿ ತಿಳಿಸಿತ್ತು. ಬಿರುಗಾಳಿ ಬೀಸುವ ಮೊದಲೇ ಯಾರೋ ದೂರದೃಷ್ಟಿಯಿಂದ ಒದಗಿಸಿಟ್ಟ ಬುತ್ತಿಯದು. ಜನ ಅದನ್ನು ಕೈಬರಹದಲ್ಲಿ ನಕಲು ಮಾಡಿ, ಬಾಯಿಪಾಠ ಮಾಡಿ ಎರಡು ಶತಮಾನಗಳ ಕಾಲ ಉಂಡರು.

ಎಂದೂ ಸೋಲದಿರುವುದೇ ತಾಳ್ಮೆಯೆಂದು ಅವರು ಎಣಿಸಿದ್ದರೆ ಮೊದಲ ಫುಮಿಎಯ ದಿನವೇ ಆ ಸಮುದಾಯ ಎರಡಾಗಿ ಒಡೆಯುತ್ತಿತ್ತು. ಒಂದು ಕಡೆ ಸತ್ತ ಪುಣ್ಯವಂತರು, ಇನ್ನೊಂದು ಕಡೆ ಬದುಕಿದ ಪತಿತರು. ಪತಿತರಿಗೆ ಮತ್ತೆ ಪ್ರಾರ್ಥಿಸುವ ಧೈರ್ಯವೆಲ್ಲಿಯದು? ಬಿದ್ದವನು ಏಳುವುದಕ್ಕೆ ದಾರಿಯನ್ನು ತೆರೆದಿಟ್ಟಿದ್ದರಿಂದಲೇ ದುರ್ಬಲರೂ ಆ ಭಾರದ ಅಡಿಯಲ್ಲಿ ನಿಲ್ಲಲು ಸಾಧ್ಯವಾಯಿತು. ಪ್ರತಿವರ್ಷದ ಸೋಲಿನ ಹಿಂದೆಯೇ ಪ್ರತಿವರ್ಷದ ಪಶ್ಚಾತ್ತಾಪ ಬಂದು, ನಾಶಮಾಡಬೇಕೆಂದು ಹೂಡಿದ ವಿಧಿಯೇ ನೆನಪನ್ನು ಹರಿತವಾಗಿ ಇಡುವ ಸಾಧನವಾಯಿತು.

ಎರಡನೆಯದು ಸಂಘಟನೆ. ನಿಷೇಧಕ್ಕೆ ಮುನ್ನವೇ ಹಳ್ಳಿಗಳಲ್ಲಿ ರೋಗಿಗಳ ಶುಶ್ರೂಷೆಗೂ ಪ್ರಾರ್ಥನೆಗೂ ಗೃಹಸ್ಥರ ಸೋದರಸಂಘಗಳಿದ್ದವು. ಗುರುಗಳು ಹೋದ ಮೇಲೆ ಆ ಕಟ್ಟಡ ಹಾಗೆಯೇ ನಿಂತಿತು. ನಾಗಸಾಕಿಯ ಹತ್ತಿರದ ಉರಕಾಮಿ ಕಣಿವೆಯಲ್ಲಿ ಮೂರು ಬಗೆಯ ಹೊಣೆಗಾರರಿದ್ದರು. ಹಬ್ಬಹರಿದಿನಗಳ ಪಂಚಾಂಗವನ್ನು ಇಟ್ಟುಕೊಳ್ಳುವವನು 'ಚೋಕಾತಾ'. ಶಿಶುಗಳಿಗೆ ಜ್ಞಾನಸ್ನಾನ ಕೊಡುವವನು 'ಮಿಜುಕಾತಾ'. ಮನೆಮನೆಗೆ ಸುದ್ದಿ ಮುಟ್ಟಿಸುವವನು 'ಕಿಕಿಯಾಕು'. ಪಂಚಾಂಗಕ್ಕೆ ೧೬೩೪ರ ಚಾಂದ್ರಮಾನ ದಿನಗಣನೆ ಮೂಲ. ಇದನ್ನು ಬಾಸ್ತಿಯನ್ ಎಂಬ ಉಪದೇಶಿ ಸಿದ್ಧಪಡಿಸಿ ಬಿಟ್ಟುಹೋದನೆಂದು ಪ್ರತೀತಿ. ಲೆಕ್ಕಪತ್ರದ ವೃತ್ತಿಯವರಿಗೆ ಈ ಕೆಲಸದ ಬೆಲೆ ಚೆನ್ನಾಗಿ ತಿಳಿದೀತು: ಒಂದು ವರ್ಷದ ಬರಹ ತಪ್ಪಿದರೆ ಮುಂದಿನ ವರ್ಷಗಳೆಲ್ಲ ತಪ್ಪಿದಂತೆಯೇ. ತಂದೆಯಿಂದ ಮಗನಿಗೆ ಬಂದ ಈ ಚೋಕಾತಾ ಪದವಿ ಉರಕಾಮಿಯಲ್ಲಿ ಏಳು ತಲೆಮಾರು ನಡೆದು, ಏಳನೆಯವನಾದ ಕಿಚಿಜೊ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸೆರೆಮನೆಯಲ್ಲಿ ಸತ್ತನು.

ಮೂರನೆಯದು ಮರೆವೇಷ. ಚೀನಾದಿಂದ ಬಂದ ಬಿಳಿಯ ಪಿಂಗಾಣಿಯ ಕನ್ನೊನ್ ದೇವತೆಯ ಮೂರ್ತಿಯನ್ನು ಅವರು ಮರಿಯಮ್ಮನೆಂದು ಪೂಜಿಸಿದರು. ಈ ಕನ್ನೊನ್ ಬೇರೆ ಯಾರೂ ಅಲ್ಲ, ಬೌದ್ಧರ ಅವಲೋಕಿತೇಶ್ವರನೇ. ಮಂಗಳೂರಿನ ಕದ್ರಿಯ ಲೋಕೇಶ್ವರ ವಿಗ್ರಹವನ್ನು ಬಲ್ಲ ಕನ್ನಡಿಗರಿಗೆ ಆತನ ಪರಿಚಯ ಮಾಡಿಕೊಡಬೇಕಾಗಿಲ್ಲ. ಭಾರತದ ಕರುಣಾಮೂರ್ತಿ ಚೀನಾದಲ್ಲಿ ಸ್ತ್ರೀರೂಪ ತಾಳಿ, ಜಪಾನಿನ ಬಡವರ ಮನೆಯಲ್ಲಿ ಯೇಸುವಿನ ತಾಯಿಯಾದುದು ಧರ್ಮಗಳ ಇತಿಹಾಸದ ಒಂದು ವಿಲಕ್ಷಣ ಪ್ರಸಂಗ. ಸಾವಾದ ಮನೆಗೆ ಬೌದ್ಧ ಪುರೋಹಿತನು ಬಂದು ಸೂತ್ರಪಠನ ಮಾಡುತ್ತಿದ್ದಾಗ, ಒಳಕೋಣೆಯಲ್ಲಿ ಕೆಲವರು ಕುಳಿತು ತಮ್ಮ ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಹೇಳುತ್ತಿದ್ದರು. 'ಒರಾಶೊ' ಎಂಬ ಈ ಪ್ರಾರ್ಥನೆಗಳಲ್ಲಿ ಲ್ಯಾಟಿನ್ ಮತ್ತು ಪೋರ್ಚುಗೀಸ್ ಶಬ್ದಗಳು ಬಾಯಿಂದ ಬಾಯಿಗೆ ಸವೆದು, ಅರ್ಥ ಮರೆತರೂ ಧ್ವನಿಯಾಗಿ ಉಳಿದವು.

ಈ ನಡುವೆ ಪತ್ತೆಯಾದವರ ಗತಿ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ೧೬೫೭ರಲ್ಲಿ ಓಮುರಾ ಸಂಸ್ಥಾನದಲ್ಲಿ ೬೦೦ಕ್ಕೂ ಹೆಚ್ಚು ಮಂದಿ ಸಿಕ್ಕಿಬಿದ್ದು, ೪೦೦ಕ್ಕೂ ಹೆಚ್ಚು ಮಂದಿಯ ತಲೆ ಉರುಳಿತು. ಆದರೆ ೧೮೦೫ರಲ್ಲಿ ಅಮಾಕುಸಾದಲ್ಲಿ ೫,೦೦೦ಕ್ಕೂ ಹೆಚ್ಚು ಮಂದಿ ಪತ್ತೆಯಾದಾಗ, ಅಧಿಕಾರಿಗಳು ಅದನ್ನು ಕ್ರೈಸ್ತಮತವೆನ್ನದೆ 'ವಿಪರೀತ ಆಚರಣೆ' ಎಂದು ಬರೆದು ಬಿಟ್ಟುಬಿಟ್ಟರು. ತೆರಿಗೆ ಕೊಡುವ ರೈತರನ್ನು ಕೊಂದು ಲಾಭವೇನು? ಆಳುವವರ ಅನುಕೂಲವೂ ಕೆಲವೊಮ್ಮೆ ದುರ್ಬಲರಿಗೆ ಆಸರೆಯಾಗುತ್ತದೆ.

೫

ಜಪಾನಿನ ಬಾಗಿಲು ತೆರೆದ ಮೇಲೆ ನಾಗಸಾಕಿಯ ಓಉರಾದಲ್ಲಿ ಪರದೇಶೀಯರಿಗೆಂದು ಫ್ರೆಂಚ್ ಪಾದ್ರಿಗಳು ಒಂದು ದೇವಾಲಯವನ್ನು ಕಟ್ಟಿ, ಅದನ್ನು ಆ ೨೬ ಹುತಾತ್ಮರಿಗೆ ಅರ್ಪಿಸಿದರು. ೧೮೬೫ರ ಮಾರ್ಚ್ ೧೭ರಂದು ಉರಕಾಮಿಯಿಂದ ಹತ್ತು-ಹದಿನೈದು ಮಂದಿ ರೈತರು ಅಲ್ಲಿಗೆ ಬಂದರು. ಪ್ರಾರ್ಥನೆಯಲ್ಲಿದ್ದ ಪಾದ್ರಿ ಬೆರ್ನಾರ್ ಪೆತಿಜಾನನ ಸಮೀಪಕ್ಕೆ ಬಂದು ಸುಗಿಮೊಟೊ ಯುರಿ ಎಂಬಾಕೆ, ತಮ್ಮ ಹೃದಯವೂ ಆತನ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿ, ಮರಿಯಮ್ಮನ ಮೂರ್ತಿ ಎಲ್ಲಿದೆಯೆಂದು ಕೇಳಿದಳು. ಅದು ತಪಸ್ಸುಕಾಲದ ನಡುವಿನ ದಿನ. ಅವರೂ ತಪಸ್ಸುಕಾಲವನ್ನು ಆಚರಿಸುತ್ತಿದ್ದರು. ಏಳು ತಲೆಮಾರಿನ ಪಂಚಾಂಗ ದಾರಿ ತಪ್ಪಿರಲಿಲ್ಲ. ಏಳು ತಲೆಮಾರುಗಳ ಬಳಿಕ ಹಡಗಿನಲ್ಲಿ ಗುರುಗಳು ಬರುವರೆಂಬ ಬಾಸ್ತಿಯನ್ನನ ಭವಿಷ್ಯವಾಣಿ ಅವರಲ್ಲಿ ಬಾಯಿಂದ ಬಾಯಿಗೆ ಬಂದಿತ್ತು. ಅನಂತರ ಬಂದ ಇತರರು ಪಾದ್ರಿಯನ್ನೇ ಪರೀಕ್ಷಿಸಿದರು: ರೋಮಿನ ಪೋಪರನ್ನು ಒಪ್ಪುತ್ತಾನೆಯೇ, ಬ್ರಹ್ಮಚಾರಿಯೇ ಎಂದು ವಿಚಾರಿಸಿ ತಿಳಿದುಕೊಂಡರು.

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. ಧೈರ್ಯಗೊಂಡ ಉರಕಾಮಿಯವರು ಬೌದ್ಧ ಶವಸಂಸ್ಕಾರವನ್ನು ನಿರಾಕರಿಸಿದ್ದರಿಂದ ೧೮೬೭ರ ಜುಲೈಯಲ್ಲಿ ಅವರ ಮುಖಂಡರನ್ನು ಸೆರೆಹಿಡಿದರು. ಹಿಂಸೆಗೆ ಸಿಕ್ಕಿದ ಹೆಚ್ಚಿನವರು ಬಾಯಿಮಾತಿನಲ್ಲಿ ಮತವನ್ನು ಬಿಟ್ಟರು. ತಕಾಗಿ ಸೆನ್‌ಎಮೊನ್ ಮಾತ್ರ ಮಣಿಯಲಿಲ್ಲ. ಆದರೆ ಮನೆಗೆ ಮರಳಿದವರು ಸಮಾಧಾನ ಕಾಣದೆ, ತಾವಾಗಿಯೇ ಅಧಿಕಾರಿಗಳ ಬಳಿಗೆ ಹೋಗಿ, ಕೊಟ್ಟ ಮಾತನ್ನು ಹಿಂದೆಗೆದುಕೊಂಡರು. ಪೂರ್ವಜರು ಫುಮಿಎಯ ಸಂಜೆ ಗುಟ್ಟಾಗಿ ಮಾಡುತ್ತಿದ್ದುದನ್ನು ಇವರು ಹಗಲಿನಲ್ಲಿ ಎಲ್ಲರೆದುರಿಗೆ ಮಾಡಿದರು.

ಹೊಸದಾಗಿ ಅಧಿಕಾರಕ್ಕೆ ಬಂದ ಮೇಜಿ ಸರಕಾರ ಹಳೆಯ ನಿಷೇಧವನ್ನೇ ಮುಂದುವರಿಸಿ, ೧೮೬೮ರಲ್ಲಿ ೧೧೪ ಮುಖಂಡರನ್ನೂ ೧೮೭೦ರಲ್ಲಿ ಉಳಿದ ಊರವರನ್ನೂ ದೂರದೂರದ ಸಂಸ್ಥಾನಗಳಿಗೆ ಗಡೀಪಾರು ಮಾಡಿತು. ಹೀಗೆ ಹೋದವರು ಸುಮಾರು ೩,೪೦೦ ಮಂದಿ. ಅವರಲ್ಲಿ ೬೦೦ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ತ್ಸುವಾನೊ ಎಂಬಲ್ಲಿ ಹಿಮಗಟ್ಟಿದ ಕೊಳದಲ್ಲಿ ಮುಳುಗಿಸಿದರು. ಮೂರು ಅಡಿಯ ಮರದ ಪಂಜರದಲ್ಲಿ ಕೂಡಿಹಾಕಿದ್ದ ಯಸುತಾರೊ ೧೮೬೯ರ ಜನವರಿಯಲ್ಲಿ ಪ್ರಾಣಬಿಟ್ಟನು. ಮತವನ್ನು ಬಿಟ್ಟವರೂ ಹಲವರಿದ್ದರು. ವಿದೇಶಗಳಿಗೆ ಹೋಗಿದ್ದ ಇವಾಕುರಾ ನಿಯೋಗಕ್ಕೆ ಎಲ್ಲೆಲ್ಲಿಯೂ ಆಕ್ಷೇಪ ಎದುರಾಗಿ, ೧೮೭೩ರ ಫೆಬ್ರುವರಿಯಲ್ಲಿ ಸರಕಾರ ನಿಷೇಧದ ಹಲಗೆಗಳನ್ನು ಇಳಿಸಿತು. ಉಳಿದವರು ಪಾಳುಬಿದ್ದ ಹೊಲಗಳಿಗೆ ಹಿಂದಿರುಗಿದರು. ಆ ಗಡೀಪಾರನ್ನು ಅವರು ಸೆರೆಯೆಂದಾಗಲಿ ಶಿಕ್ಷೆಯೆಂದಾಗಲಿ ಕರೆಯಲಿಲ್ಲ. 'ತಬಿ', ಎಂದರೆ ಪ್ರಯಾಣ, ಎಂದು ಕರೆದರು. ಹೀಗೆ ಮರಳಿದವಳಾದ ಇವನಾಗಾ ಮಾಕಿ ೧೮೭೪ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ರೋಗಿಗಳ ಶುಶ್ರೂಷೆಗೆ ನಿಂತು, ಅನಾಥಶಿಶುಗಳನ್ನು ಸಾಕುವುದರಲ್ಲಿ ತನ್ನ ಬಾಳನ್ನು ಸವೆಸಿದಳು. ಸಹಿಸಿದ ಕಷ್ಟ ಕಹಿಯಾಗದೆ ಸೇವೆಯಾದುದಕ್ಕೆ ಇವಳ ಜೀವನ ಸಾಕ್ಷಿ.

೬

ವರ್ಷವರ್ಷವೂ ಫುಮಿಎ ನಡೆಯುತ್ತಿದ್ದ ಗ್ರಾಮಾಧಿಕಾರಿಯ ಮನೆಯ ನಿವೇಶನವನ್ನೇ ಉರಕಾಮಿಯವರು ಕೊಂಡು, ಅಲ್ಲಿ ತಮ್ಮ ಮಹಾದೇವಾಲಯವನ್ನು ಕಟ್ಟಿದರು. ೧೮೯೫ರಲ್ಲಿ ಆರಂಭವಾದ ಕೆಲಸ ೧೯೧೪ರಲ್ಲಿ ಮುಗಿಯಿತು. ೧೯೪೫ರ ಆಗಸ್ಟ್ ೯ರಂದು ಅದರಿಂದ ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ, ಆಕಾಶದಲ್ಲಿ, ಅಣುಬಾಂಬು ಸಿಡಿಯಿತು. ಆ ಧರ್ಮಕೇಂದ್ರದ ಸುಮಾರು ೧೨,೦೦೦ ಕ್ರೈಸ್ತರಲ್ಲಿ ೮,೫೦೦ರಷ್ಟು ಮಂದಿ ಸತ್ತರು. ಸತ್ತವರಲ್ಲಿ ಕ್ಷಕಿರಣ ವೈದ್ಯ ನಾಗಾಯಿ ತಕಾಶಿಯ ಪತ್ನಿ ಮಿದೊರಿಯೂ ಒಬ್ಬಳು. ಅವಳು ಕೊನೆಯ ಚೋಕಾತಾ ಕಿಚಿಜೊನ ವಂಶದವಳು. ಅದೇ ವರ್ಷದ ನವೆಂಬರಿನಲ್ಲಿ ಭಗ್ನಾವಶೇಷದ ನಡುವೆ ನಾಗಾಯಿ ಮಾಡಿದ ಭಾಷಣದಲ್ಲಿ ಸತ್ತವರನ್ನು ದಹನಬಲಿಗೆ ಹೋಲಿಸಿದನು. ಆ ಮಾತು ಹಲವರಿಗೆ ಸಾಂತ್ವನ ತಂದಿತು. ಹಲವರು ಅದನ್ನು ಆಕ್ಷೇಪಿಸಿಯೂ ಇದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಮನುಷ್ಯರು ಮಾಡಿದ ಕೇಡನ್ನು ದೇವರ ಇಚ್ಛೆಯೆಂದರೆ ಮಾಡಿದವರ ಹೊಣೆ ಹಗುರವಾಗುತ್ತದೆ. ಸಂಕಟವನ್ನು ತಾಳಿಕೊಂಡವರು ಅದಕ್ಕೆ ಅರ್ಥವನ್ನು ಹುಡುಕಬಹುದು. ಸಂಕಟವನ್ನು ಉಂಟುಮಾಡಿದವರಿಗಾಗಲಿ ದೂರದಿಂದ ನೋಡಿದವರಿಗಾಗಲಿ ಆ ಅಧಿಕಾರವಿಲ್ಲ.

ಇನ್ನೊಂದು ಪ್ರಶ್ನೆಯೂ ಉಳಿದಿದೆ. ೧೮೬೫ರ ಬಳಿಕ ಎಲ್ಲ ಗುಪ್ತಕ್ರೈಸ್ತರೂ ರೋಮಿನ ಸಭೆಗೆ ಮರಳಲಿಲ್ಲ. ಇಕಿತ್ಸುಕಿ ಮೊದಲಾದ ಕಡೆಗಳಲ್ಲಿ ಅನೇಕರು, ತಾತಮುತ್ತಾತಂದಿರು ಪ್ರಾಣದ ಹಂಗು ತೊರೆದು ಉಳಿಸಿಕೊಟ್ಟ ಆಚರಣೆಯನ್ನು ಪಾದ್ರಿಯ ಮಾತಿಗೆ ಬಿಟ್ಟುಕೊಡಲು ಒಪ್ಪದೆ, ಹಳೆಯ ದಾರಿಯಲ್ಲಿಯೇ ನಡೆದರು. ಸಿದ್ಧಾಂತದ ದೃಷ್ಟಿಯಿಂದ ಅವರನ್ನು ಏನೆಂದು ಕರೆಯಬೇಕೆಂಬುದು ಧರ್ಮಪಂಡಿತರ ವಿಚಾರ. ಚರಿತ್ರೆಯ ದೃಷ್ಟಿಯಿಂದ ಅವರ ನಿಷ್ಠೆ ಉರಕಾಮಿಯವರ ನಿಷ್ಠೆಗಿಂತ ಕಡಮೆಯದಲ್ಲ. ನಿಷೇಧ ನೀಗಿದ ಮೇಲೆ ಗುಟ್ಟಿನ ಅಗತ್ಯ ಕಳೆಯಿತು, ಯುವಕರು ಪಟ್ಟಣಗಳಿಗೆ ಹೋದರು, ಆ ಪರಂಪರೆ ಕ್ಷೀಣಿಸುತ್ತ ಬಂತು. ಹಿಂಸೆ ಮಾಡಲಾರದುದನ್ನು ನೆಮ್ಮದಿಯ ಕಾಲ ಸದ್ದಿಲ್ಲದೆ ಮಾಡಿತು. ೨೦೧೮ರಲ್ಲಿ ಯುನೆಸ್ಕೊ ಸಂಸ್ಥೆ ನಾಗಸಾಕಿ ಪ್ರದೇಶದ ಗುಪ್ತಕ್ರೈಸ್ತರ ೧೨ ನೆಲೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲಿನ ಪ್ರಶ್ನೆಗೆ ಈ ಚರಿತ್ರೆ ಕೊಡುವ ಉತ್ತರವನ್ನು ಸಂಗ್ರಹಿಸುವುದಾದರೆ ಹೀಗೆ ಹೇಳಬಹುದು. ತಾಳ್ಮೆ ಕಷ್ಟದ ದಿನ ಒಮ್ಮೆಗೇ ಹುಟ್ಟುವುದಲ್ಲ. ಕಷ್ಟಕ್ಕೆ ಮುಂಚಿನ ದಿನಗಳ ಅಭ್ಯಾಸದಿಂದ ಕೂಡಿಬರುವುದು. ಅದು ಒಬ್ಬನ ಎದೆಗಾರಿಕೆಯಷ್ಟೇ ಅಲ್ಲ. ದಿನ ಎಣಿಸುವವನು, ನೀರು ಹೊಯ್ಯುವವನು, ಸುದ್ದಿ ಮುಟ್ಟಿಸುವವನು ಎಂದು ಹಲವರು ಹಂಚಿಕೊಂಡ ಚಿಕ್ಕ ಚಿಕ್ಕ ಹೊಣೆಗಳ ಮೊತ್ತ. ಎಲ್ಲಕ್ಕಿಂತ ಹೆಚ್ಚಾಗಿ, ಸೋತವನನ್ನು ಹೊರಗೆ ಹಾಕದ ಮನೆಯಲ್ಲಿ ಮಾತ್ರ ಅದು ತಲೆಮಾರುಗಳ ಕಾಲ ಬಾಳುತ್ತದೆ. ನಿಶಿಜಾಕಾ ಗುಡ್ಡದ ಹುತಾತ್ಮರಿಗೆ ಸಂತಪದವಿ ದೊರೆತಿರುವುದು ಯೋಗ್ಯವೇ. ಆದರೆ ಅವರ ನೆನಪನ್ನು ಎರಡೂವರೆ ಶತಮಾನ ಹೊತ್ತು ತಂದವರು, ಪ್ರತಿವರ್ಷ ಫಲಕವನ್ನು ತುಳಿದು ಪ್ರತಿವರ್ಷ ಅತ್ತ, ಹೆಸರು ಉಳಿಯದ ರೈತರು.

ಅಣುಬಾಂಬಿನಿಂದ ಕುಸಿದ ದೇವಾಲಯದ ಎರಡು ಗಂಟೆಗಳಲ್ಲಿ ಒಂದು ಒಡೆಯದೆ ಸಿಕ್ಕಿತು. ಅದನ್ನು ಬೂದಿಯಿಂದ ಅಗೆದು ತೆಗೆದು ೧೯೪೫ರ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಬಾರಿಸಿದರು. ೧೯೫೯ರಲ್ಲಿ ದೇವಾಲಯವನ್ನು ಮತ್ತೆ ಕಟ್ಟಿದರು. ಒಡೆದ ಇನ್ನೊಂದು ಗಂಟೆಯ ಜಾಗಕ್ಕೆ ಅಮೆರಿಕದ ಕ್ಯಾಥೊಲಿಕರು ಹೊಸದನ್ನು ಕೊಟ್ಟರು. ಬಾಂಬು ಬಿದ್ದು ಎಂಬತ್ತು ವರ್ಷವಾದ ೨೦೨೫ರ ಆಗಸ್ಟ್ ೯ರಂದು ಎರಡು ಗಂಟೆಗಳೂ ಕೂಡಿ ಮೊಳಗಿದವು.